ಕಾಮ್ಟ್ ಕೊನೆಗೆ: ಸಂಶೋಧನಾ ವಿಧಾನದ ಮೊದಲ ಘಟಕವನ್ನು ಗುಳೇದಗುಡ್ಡದ ಓಣಿಯಲ್ಲಿ ಕಲಿಸಿದ ನನ್ನ ಅನುಭವ

ಸಂಶೋಧನಾ ವಿಧಾನ ಪತ್ರಿಕೆಯ ಮೊದಲ ಘಟಕ ನಮ್ಮಲ್ಲಿ ಹೇಗೆ ಮುಗಿಯುತ್ತದೆ ಅಂತ ಅದನ್ನು ಕಲಿಸಿದವರಿಗೆಲ್ಲ ಗೊತ್ತು. ಸಮಾಜಶಾಸ್ತ್ರದ ಹಳೆಯ ಚಿಂತಕರಾದ ಕಾಮ್ಟ್, ಡರ್ಖೀಮ್, ವೇಬರ್, ಜೊತೆಗೆ ಪಾಸಿಟಿವಿಸಂ (ಸಮಾಜವನ್ನೂ ವಿಜ್ಞಾನದಂತೆ ಕಣ್ಣಿಗೆ ಕಂಡ ಸಂಗತಿಗಳಿಂದಲೇ ಅರಿಯಬೇಕು ಅನ್ನುವ ವಾದ), ಒಂದಿಷ್ಟು ನೋಟ್ಸ್. ಎರಡು ವಾರದಲ್ಲಿ ಖಲಾಸ್. ಆಮೇಲೆ ಹುಡುಗರು ಪ್ರಶ್ನಾವಳಿ ಹಿಡಿದು ಪ್ರಾಜೆಕ್ಟಿಗೆ ಹೋಗುತ್ತಾರೆ. ಆ ಪ್ರಶ್ನಾವಳಿಗೂ ಈ ನೋಟ್ಸಿಗೂ ಏನೂ ಸಂಬಂಧ ಇರುವುದಿಲ್ಲ.

ನಾನು ಇದನ್ನು ಗುಳೇದಗುಡ್ಡದ ಒಂದು ನೇಕಾರರ ಓಣಿಯಲ್ಲಿ ಕಲಿಸಿದೆ. ಹಳೆಯ ಸಂಶೋಧಕರು ಒಬ್ಬೊಬ್ಬರು ಬಡತನವನ್ನು ಹೇಗೆ ಅಳೆದರೋ ಹಾಗೇ ಅದೇ ಮನೆಗಳನ್ನು ಅಳೆಯುವುದು. ಪ್ರಶ್ನೆ ಒಂದೇ: ಈ ಓಣಿಯಲ್ಲಿ ಎಷ್ಟು ಮನೆ ಬಡತನದಲ್ಲಿವೆ? ತತ್ವಜ್ಞಾನಿಗಳು ಕೊನೆಗೆ. "ಥಿಯರಿ ಪಾಠಕ್ಕೆ ಬಸ್ ಚಾರ್ಜ್ ಯಾಕ್ರೀ ಸರ?" ಅಂತ ಸ್ಟಾಫ್ ರೂಮಿನಲ್ಲಿ ನಕ್ಕವರೇ ಈಗ ನನ್ನ ಫಾರ್ಮುಗಳ ಝೆರಾಕ್ಸ್ ಕೇಳುತ್ತಿದ್ದಾರೆ. ಬೇರೆ ಬೇರೆಯಾಗಿ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡೋಣ ಅನ್ನಿಸಿತು.

ಗುಳೇದಗುಡ್ಡವೇ ಯಾಕೆ ಅಂದರೆ, ಅಲ್ಲಿ ಖಣ ನೇಯುವ ಮನೆಗಳು ಒತ್ತೊತ್ತಾಗಿವೆ. ಕೆಲಸ ಒಂದೇ, ಮನೆಯೂ ಹೆಚ್ಚುಕಡಿಮೆ ಒಂದೇ ಥರ. ಆದ್ದರಿಂದ ಲೆಕ್ಕ ಬೇರೆ ಬೇರೆ ಬಂದರೆ ಅದು ವಿಧಾನದಿಂದಲೇ ಬಂದದ್ದು ಅಂತ ಧೈರ್ಯವಾಗಿ ಹೇಳಬಹುದು.

ಮೊದಲ ಲೆಕ್ಕ ಸರ್ಕಾರದ್ದು. 1884ರಲ್ಲಿ ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಬಿಜಾಪುರ ಗೆಜೆಟಿಯರ್ (ಜಿಲ್ಲೆಯ ಸರ್ಕಾರಿ ಮಾಹಿತಿ ಪುಸ್ತಕ) ಬಂತು. ಗುಳೇದಗುಡ್ಡ ಇರುವ ಬಾಗಲಕೋಟೆ ಆಗ ಅದೇ ಜಿಲ್ಲೆಯಲ್ಲಿತ್ತು, ಬೇರೆಯಾದದ್ದು 1997ರಲ್ಲಿ. ಗೆಜೆಟಿಯರಿನ ಮಾಹಿತಿ ಬಹುಪಾಲು ಅಧಿಕಾರಿಗಳಿಂದ ಬಂದದ್ದು. ನಾವೂ ಹಾಗೇ ಮಾಡಿದೆವು. ಓಣಿಗೆ ಕಾಲಿಡದೆ ರೇಷನ್ ಕಾರ್ಡಿನ ಪಟ್ಟಿ ನೋಡಿದೆವು. ಆ ಪ್ರಕಾರ ಹತ್ತರಲ್ಲಿ ಒಂಬತ್ತು ಮನೆ ಬಡವರದು. ಈ ಕೆಲಸಕ್ಕೆ ಜಾಸ್ತಿ ಹೊತ್ತು ಕೊಡಬೇಡಿ, ಒಂದು ಮಧ್ಯಾಹ್ನ ಸಾಕು.

ಎರಡನೆಯದು ಚಾರ್ಲ್ಸ್ ಬೂತ್. ನನಗೆ ಅತಿ ಹೆಚ್ಚು ತಲೆನೋವು ಕೊಟ್ಟದ್ದು ಇದೇ. ಬೂತ್ 1886ರಲ್ಲಿ ಲಂಡನ್ನಿನಲ್ಲಿ ಕೆಲಸ ಶುರು ಮಾಡಿದಾಗ ನೇರ ಮನೆಗಳಿಗೆ ಹೋಗಲಿಲ್ಲ. ಮಕ್ಕಳು ಶಾಲೆಗೆ ಬರುತ್ತಾರಾ ಅಂತ ಮನೆಮನೆ ತಿರುಗುವ ನೌಕರರಿದ್ದರು. ಅವರನ್ನು ಕೂರಿಸಿಕೊಂಡು ಒಂದೊಂದು ಮನೆಯ ಬಗ್ಗೆ ಕೇಳಿ ಬರೆದುಕೊಂಡ. ಮನೆಗಳನ್ನು ಎಂಟು ವರ್ಗ ಮಾಡಿದ. ಲಂಡನ್ನಿನ ಸುಮಾರು ನೂರಕ್ಕೆ ಮೂವತ್ತು ಜನ ಬಡತನದಲ್ಲಿದ್ದಾರೆ ಅಂತ ತೋರಿಸಿದ. ನಮ್ಮಲ್ಲಿ ಆ ನೌಕರರ ಜಾಗದಲ್ಲಿ ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್. ಯಾರ ಮನೆಯಲ್ಲಿ ಒಲೆ ಎಷ್ಟು ಹೊತ್ತಿಗೆ ಹತ್ತುತ್ತದೆ ಅನ್ನುವುದು ಅವರಿಗೆ ಗೊತ್ತು.

ಮೊದಲ ಬ್ಯಾಚು ಇಲ್ಲೇ ಕೆಟ್ಟಿತು. ಬೂತ್ ಬಡತನದ ನಕ್ಷೆಗೆ ಬಣ್ಣ ಹಚ್ಚಿದ್ದ ಅಂತ ಹೇಳಿದ್ದೆ. ಹುಡುಗರು ಉತ್ಸಾಹದಲ್ಲಿ ಓಣಿಯ ನಕ್ಷೆ ಬರೆದು ಒಂದೊಂದು ಮನೆಗೂ ಬಣ್ಣ ಹಚ್ಚಿದರು. ತೀರಾ ಬಡ ಮನೆಗೆ ಕಪ್ಪು. ಅದನ್ನು ಹಿಡಿದು ಓಣಿಗೇ ಹೋದರು. "ನಮ್ಮ ಮನಿಗೆ ಕರೀ ಬಣ್ಣ ಯಾಕ ಹಚ್ಚೀರಿ? ನಾವೇನ್ ಕಳ್ಳರೇನ್ರೀ?" ಅಂತ ಒಬ್ಬ ಅಜ್ಜಿ ಶುರು ಮಾಡಿದ್ದೇ ತಡ, ಓಣಿಯೆಲ್ಲ ಸೇರಿತು. ಆ ವರ್ಷದ ಕೆಲಸ ಅಲ್ಲಿಗೆ ಮುಗಿಯಿತು. ಪಾಪ, ಆಶಾ ಅಕ್ಕನಿಗೂ ಮಾತು ಬಂತು. ಬೂತ್ ಬಣ್ಣ ಹಚ್ಚಿದ್ದು ಬೀದಿಗೆ, ಮನೆಗಲ್ಲ. ಅದು ಬರೀ ಮುದ್ರಣದ ಅನುಕೂಲ ಅಂದುಕೊಂಡಿದ್ದೆ. ಅದರಿಂದ ಸಿಗುವ ರಕ್ಷಣೆ ಏನು ಅಂತ ಅವತ್ತು ಗೊತ್ತಾಯಿತು. ಮುಂದಿನ ವರ್ಷ ಬೇರೆ ಓಣಿ, ಮನೆಗಳಿಗೆ ನಂಬರ್ ಮಾತ್ರ, ನಕ್ಷೆ ಕಾಲೇಜು ಬಿಟ್ಟು ಹೊರಗೆ ಹೋಗಲಿಲ್ಲ. ಬೂತ್ ಲೆಕ್ಕದಲ್ಲಿ ಬಂದದ್ದು ಸುಮಾರು ಕಾಲು ಭಾಗ ಮನೆ. ರೇಷನ್ ಪಟ್ಟಿಯ ಒಂಬತ್ತು ಎಲ್ಲಿ, ಈ ಕಾಲು ಭಾಗ ಎಲ್ಲಿ!

ಮೂರನೆಯದು ರೌನ್‌ಟ್ರಿ. ಅವನ ಸಮೀಕ್ಷೆ 1899ರದ್ದು, ಯಾರ್ಕ್ ಊರಿನಲ್ಲಿ. ಮನೆಮನೆಗೆ ಜನ ಕಳಿಸಿದ, ಹನ್ನೊಂದು ಸಾವಿರಕ್ಕೂ ಮೇಲ್ಪಟ್ಟು ಕುಟುಂಬ. ಮೈಯಲ್ಲಿ ಶಕ್ತಿ ಉಳಿಯಲು ಬೇಕಾದ ಊಟ, ಬಾಡಿಗೆ, ಬಟ್ಟೆ, ಉರುವಲು ಇಷ್ಟಕ್ಕೆ ಎಷ್ಟು ಹಣ ಬೇಕು ಅಂತ ಗೆರೆ ಎಳೆದ. ಆ ಗೆರೆಯೊಳಗೆ ಪೇಪರ್ ಇಲ್ಲ, ರೈಲು ಚಾರ್ಜ್ ಇಲ್ಲ, ಬಿಯರ್ ಇಲ್ಲ. ನಮ್ಮ ಹುಡುಗರು ಜೋಳ, ತೊಗರಿಬೇಳೆ, ಎಣ್ಣೆ, ಸೋಪು ಅಂತ ಬರೆಯುತ್ತ ಬಂದವರು ಎಲೆ-ಅಡಿಕೆಗೆ ಬಂದು ನಿಂತರು. ಮೊಬೈಲ್ ರಿಚಾರ್ಜ್? ಬನಶಂಕರಿ ಜಾತ್ರೆಯ ಖರ್ಚು? "ಜಾತ್ರಿಗೆ ಹೋಗಲಾರದ ಮನಿ ಬಡವರ ಮನಿನ ಅಲ್ಲೇನ್ರೀ ಸರ" ಅಂತ ಬಾದಾಮಿ ಕಡೆಯ ಹುಡುಗಿ ಪಟ್ಟು ಹಿಡಿದಳು. ಇನ್ನೊಬ್ಬ, ಹೊಟ್ಟೆಗೆ ಬೇಕಾದದ್ದನ್ನಷ್ಟೇ ಹಿಡಿಯಬೇಕು ಅಂದ. ಎರಡು ತಾಸು ಜಗಳ. ನಾನು ಬಾಯಿ ಹಾಕಲಿಲ್ಲ. ಏನನ್ನು ಅಳೆಯಬೇಕು ಅಂತ ಆರಿಸುವಾಗಲೇ ನಮ್ಮ ಮೌಲ್ಯ ಒಳಗೆ ಬಂದಿರುತ್ತದೆ ಅಂತ ವೇಬರ್ 1904ರಲ್ಲಿ ಬರೆದದ್ದನ್ನು ನಾನು ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆಸಿದ್ದೆ. ಒಬ್ಬರ ತಲೆಗೂ ಹೋಗಿರಲಿಲ್ಲ. ಜಾತ್ರೆ ಬಿಟ್ಟು ಲೆಕ್ಕ ಹಾಕಿದರೆ ಸುಮಾರು ಮೂರರಲ್ಲೊಂದು ಮನೆ ಬಡತನದಲ್ಲಿ. ಜಾತ್ರೆ ಸೇರಿಸಿದರೆ ಅರ್ಧ.

ಎಲ್ಲ ಮನೆಗೆ ಹೋಗುವುದು ದುಬಾರಿ. ಸಂಖ್ಯಾಶಾಸ್ತ್ರಜ್ಞ ಬೌಲಿ 1912ರಲ್ಲಿ ಇಂಗ್ಲೆಂಡಿನ ರೀಡಿಂಗ್ ಊರಿನಲ್ಲಿ ಸುಮಾರು ಇಪ್ಪತ್ತು ಮನೆಗೊಂದು ಆರಿಸಿಕೊಂಡಿದ್ದ. ನಮ್ಮ ಓಣಿ ಚಿಕ್ಕದು, ಐದಕ್ಕೊಂದು ತೆಗೆದೆವು. ಮೂರು ಗುಂಪು ಮಾಡಿ, ಬೇರೆ ಬೇರೆ ಮನೆಯಿಂದ ಎಣಿಕೆ ಶುರು ಮಾಡಿಸಿದೆ. ನಮ್ಮ ದೇಶದ ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಬಂಗಾಳದ ಸಮೀಕ್ಷೆಗಳಲ್ಲಿ ಬೇರೆ ಬೇರೆ ತಂಡಕ್ಕೆ ಬೇರೆ ಬೇರೆ ಸ್ಯಾಂಪಲ್ ಕೊಟ್ಟು ತಾಳೆ ನೋಡುತ್ತಿದ್ದರಲ್ಲ, ಅದೇ ಉಪಾಯ. ಎರಡು ಗುಂಪಿನ ಉತ್ತರ ಹತ್ತಿರ ಬಂತು, ಒಂದು ದೂರ ಹೋಯಿತು. ಮೂಲೆಯ ಮನೆಗಳೇ ಅದರ ಪಾಲಿಗೆ ಜಾಸ್ತಿ ಬಿದ್ದಿದ್ದವು, ಅವು ದೊಡ್ಡ ಮನೆಗಳು. ಸ್ಯಾಂಪಲಿಂಗ್ ಘಟಕ ಅರ್ಧ ಇಲ್ಲೇ ಮುಗಿಯಿತು, ಖರ್ಚೂ ಉಳಿಯಿತು.

ನಡುವೆ ಒಂದು ಹುಚ್ಚು ಪ್ರಯೋಗ. ಇಂಗ್ಲೆಂಡಿನ ವಿಜ್ಞಾನಿ ಗಾಲ್ಟನ್ 1907ರಲ್ಲಿ ಎತ್ತಿನ ತೂಕ ಊಹಿಸುವ ಸ್ಪರ್ಧೆಯ ಸುಮಾರು ಎಂಟುನೂರು ಚೀಟಿ ಜೋಡಿಸಿ ನಡುವಿನ ಊಹೆ ನೋಡಿದ, ನಿಜ ತೂಕಕ್ಕೆ ನೂರಕ್ಕೆ ಒಂದರಷ್ಟೂ ವ್ಯತ್ಯಾಸ ಇರಲಿಲ್ಲ. ನಾವು ಮಹಾಲಿಂಗಪುರದ ಬೆಲ್ಲದ ಪೇಟೆಗೆ ಹೋಗಿ ಒಂದು ಪೆಂಟಿಯ (ಬೆಲ್ಲದ ಉಂಡೆಯ) ತೂಕ ಎಷ್ಟು ಅಂತ ಬಂದವರನ್ನೆಲ್ಲ ಕೇಳಿದೆವು. ಹಮಾಲರನ್ನು ಬಿಟ್ಟು, ಅವರಿಗೆ ಕೈಯಲ್ಲೇ ತಕ್ಕಡಿ. ನಡುವಿನ ಊಹೆ ಅರ್ಧ ಕೆಜಿ ಒಳಗೆ ಬಂತು. ಅಂಗಡಿಯವನು ಅಷ್ಟು ಹೊತ್ತು ಜಾಗ ಕೊಟ್ಟದ್ದಕ್ಕೆ ಆ ಪೆಂಟಿ ನಮ್ಮ ಕೊರಳಿಗೇ ಕಟ್ಟಿದ. ಆಗ ಸುಮಾರು ನಾಲ್ಕುನೂರೈವತ್ತು ರೂಪಾಯಿ. ಆದರೆ ವಾಪಸ್ ಬಂದು ಓಣಿಯ ಆದಾಯಕ್ಕೂ ಸರಾಸರಿ ತೆಗೆದಾಗ ಅಂಥ ಒಂದು ಮನೆಯೂ ಓಣಿಯಲ್ಲಿ ಸಿಗಲಿಲ್ಲ. ಬೆಲ್ಜಿಯಂನ ಸಂಖ್ಯಾಶಾಸ್ತ್ರಜ್ಞ ಕೆತಲೆ 1835ರಲ್ಲಿ ಸರಾಸರಿ ಮನುಷ್ಯನನ್ನು ಸೃಷ್ಟಿಸಿದಾಗ ಜನ ಯಾಕೆ ಸಿಟ್ಟಾದರು ಅಂತ ಬೆಲ್ಲ ತಿನ್ನುತ್ತ ಚರ್ಚೆ ಮಾಡಿದೆವು. ಒಂದು ಮಾತನ್ನು ಎಷ್ಟು ಒಪ್ಪುತ್ತೀರಿ ಅಂತ ಕೇಳುವ ಲಿಕರ್ಟನ ಐದು ಹಂತದ ಅಳತೆಯನ್ನೂ ನೋಡಿದೆ. ಹೆಣ್ಣುಮಕ್ಕಳು ಎಲ್ಲದಕ್ಕೂ "ಹೂಂ ರೀ" ಅಂದರು. ಕಾಗದ ಬಿಟ್ಟು ಐದು ಹುಣಸೆ ಬೀಜ ಕೊಟ್ಟ ಮೇಲೆ ಸ್ವಲ್ಪ ಸುಧಾರಿಸಿತು.

ನಾಲ್ಕನೆಯ ಲೆಕ್ಕ ಲ ಪ್ಲೇ. ಗಣಿ ಇಂಜಿನಿಯರ್ ಆಗಿದ್ದವನು. ಯೂರೋಪಿನ ಕೂಲಿ ಕುಟುಂಬಗಳ ಜೊತೆ ಇದ್ದು, ಪ್ರತಿ ಆದಾಯ, ಪ್ರತಿ ಖರ್ಚು ಬರೆದು 1855ರಲ್ಲಿ ಮೂವತ್ತಾರು ಕುಟುಂಬಗಳ ಲೆಕ್ಕ ಪ್ರಕಟಿಸಿದ. ನಾವು ಮೂರು ಮನೆ ಹಿಡಿದೆವು. ನೋಟ್‌ಬುಕ್ ಕೊಟ್ಟು ದಿನಾ ಬರೆಯಿರಿ ಅಂದದ್ದು ಕೆಲಸಕ್ಕೆ ಬರಲಿಲ್ಲ. ನಾವು ಹೋಗುವ ಹಿಂದಿನ ರಾತ್ರಿ ಕೂತು ತಿಂಗಳಿಡೀ ಒಂದೇ ಪೆನ್ನಲ್ಲಿ ಬರೆದಿಡುತ್ತಿದ್ದರು. ದಾರಿ ಸಿಕ್ಕಿದ್ದು ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ. ಮನೆಯವರನ್ನು ಕೇಳಿ, ಅವರ ಎದುರೇ ಅದನ್ನು ಓದಿಸಿಕೊಂಡೆವು. ಒಬ್ಬ ಹುಡುಗಿ ಕಂಡಿಕೆ (ನೇಯುವ ನೂಲಿನ ಸುರುಳಿ) ಸುತ್ತುವುದನ್ನು ಕಲಿತು ಆ ಮನೆಯ ಹೆಂಗಸರ ಜೊತೆ ಕೂತಳು. ಬೂತ್ ತಂಡದ ಬಿಯಾಟ್ರಿಸ್ ಪಾಟರ್ 1888ರಲ್ಲಿ ಲಂಡನ್ನಿನ ಹೊಲಿಗೆ ಮನೆಯಲ್ಲಿ ಕೂಲಿಗೆ ಕೂತಿದ್ದಳು ಅಂತ ಓದಿ ಅವಳಿಗೇ ಹೊಳೆದದ್ದು ಇದು. ಸಾಲದ ಮಾತು ಹೊರಗೆ ಬಂದದ್ದು ಅಲ್ಲೇ. ಸಾಲ ಎಷ್ಟಿದೆ ಅಂತ ನೇರ ಕೇಳಿದರೆ ಯಾರೂ ಹೇಳುವುದಿಲ್ಲ. ನಾವು ಕೇಳುವ ಬಗೆ ಬೇರೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಬ್ಯಾಚಿನವರೇ ಮೊದಲು ಅದರ ಮೇಲೊಂದು ಲೇಖನ ಮಾಡಲಿ.

ಸಿಕ್ಕಿದ್ದು ಏನು? ರೌನ್‌ಟ್ರಿ ಗೆರೆಯ ಮೇಲಿದ್ದ ಎರಡು ಮನೆ ಲ ಪ್ಲೇ ಲೆಕ್ಕದಲ್ಲಿ ಕೆಳಗೆ ಬಂದವು. ಮಜೂರಿ ಇಷ್ಟು ಅಂತ ಹೇಳಿದ್ದು ನಿಜ, ಮಾಲಕರ ಮುಂಗಡಕ್ಕೆ ಅದರಲ್ಲಿ ಮುರಿದುಕೊಳ್ಳುವುದನ್ನು ಯಾರೂ ಕೇಳಿರಲಿಲ್ಲ. ಮಾಲಕರಿಗೂ ಒಂದು ಪ್ರಶ್ನಾವಳಿ ಕೊಟ್ಟಿದ್ದೆವು. ಅವರ ಉತ್ತರದಲ್ಲಿ ನೇಕಾರರೆಲ್ಲ ಸುಖವಾಗಿದ್ದರು. 1892ರಲ್ಲಿ ವೇಬರ್ ವಿಶ್ಲೇಷಿಸಿದ ಕೃಷಿ ಕೂಲಿಕಾರರ ಸಮೀಕ್ಷೆಯ ಪ್ರಶ್ನಾವಳಿ ಹೋದದ್ದು ಕೂಲಿಕಾರರಿಗಲ್ಲ, ಜಮೀನ್ದಾರರಿಗೆ. ಆ ಸಾಲು ಓದಿದಾಗ ಕ್ಲಾಸಿನಲ್ಲಿ ಎಲ್ಲರೂ ನಕ್ಕರು. ಹೋಗಲಿ ಕೂಲಿಕಾರರಿಗೇ ಕೊಡೋಣ ಅಂದರೆ, ಮಾರ್ಕ್ಸ್ 1880ರಲ್ಲಿ ಕೊಟ್ಟಿದ್ದ. ನೂರರಷ್ಟು ಪ್ರಶ್ನೆ, ಇಪ್ಪತ್ತೈದು ಸಾವಿರ ಪ್ರತಿ. ವಾಪಸ್ ಬಂದದ್ದು ಬಹಳ ಕಡಿಮೆ. ನಮ್ಮ ಮೊದಲ ಫಾರ್ಮಿನಲ್ಲಿ ಎಪ್ಪತ್ತರ ಮೇಲೆ ಪ್ರಶ್ನೆ ಇದ್ದವು, ಈಗ ಹದಿನೆಂಟಕ್ಕೆ ಇಳಿಸಿದ್ದೇನೆ.

ಇಷ್ಟಾದ ಮೇಲೆ ಕಾಮ್ಟ್. ಹಿಂದಿನ ಬ್ಯಾಚುಗಳಲ್ಲಿ ಕಾಮ್ಟ್‌ನನ್ನು ಮೊದಲು ಹೇಳಿ ಓಣಿಗೆ ಕರೆದೊಯ್ದಿದ್ದೆ. ಹುಡುಗರು ಪಾಸಿಟಿವಿಸಂ ಅನ್ನುವುದನ್ನು ಬಸ್ಸಿನಲ್ಲೇ ಬಿಟ್ಟು ಇಳಿಯುತ್ತಿದ್ದರು. ಈಗ ಬೋರ್ಡಿನ ಮೇಲೆ ನಾಲ್ಕು ಲೆಕ್ಕ ಬರೆದು, ನಿಜ ಯಾವುದು ಅಂತ ಕೇಳಿದೆ. ಸಮಾಜದ ಸಂಗತಿಗಳನ್ನು ವಸ್ತುಗಳಂತೆ ಹೊರಗಿನಿಂದ ನೋಡಬೇಕು ಅನ್ನುವ ಡರ್ಖೀಮನ ಪಕ್ಷಕ್ಕೆ ಕೆಲವರು, ಒಳಗೆ ಕೂತು ಅರ್ಥ ಮಾಡಿಕೊಳ್ಳಬೇಕು ಅನ್ನುವ ವೇಬರ್ ಪಕ್ಷಕ್ಕೆ ಕಂಡಿಕೆ ಸುತ್ತಿದವಳ ಗುಂಪು. ನಾನು ಹೆಸರು ಹೇಳುವ ಮೊದಲೇ ಪಕ್ಷ ಆಗಿಹೋಗಿತ್ತು. ಇತಿಹಾಸದಲ್ಲೂ ಎಣಿಕೆ ಮೊದಲು ಬಂದದ್ದು. ಕಾಮ್ಟ್ ತನ್ನ ಶಾಸ್ತ್ರಕ್ಕೆ ಸಾಮಾಜಿಕ ಭೌತಶಾಸ್ತ್ರ ಅಂತ ಕರೆಯುತ್ತಿದ್ದ. ಲೆಕ್ಕದ ಮನುಷ್ಯ ಕೆತಲೆ ಅದೇ ಹೆಸರು ಬಳಸಿದ್ದು ಅವನಿಗೆ ಸೇರಲಿಲ್ಲ, ಸಮಾಜಶಾಸ್ತ್ರ ಅನ್ನುವ ಹೊಸ ಹೆಸರು ಇಟ್ಟ. ಆ ಸಿಟ್ಟು ಯಾತಕ್ಕೆ ಅಂತ ನನ್ನ ಹುಡುಗರಿಗೆ ಕೇಳಿ, ಹೇಳುತ್ತಾರೆ. ವೈವಾಕ್ಕೆ ಹೊರಗಿನಿಂದ ಬಂದವರು ಒಬ್ಬನನ್ನು ಪಾಸಿಟಿವಿಸಂ ಬಗ್ಗೆ ಕೇಳಿದರು. ಅವನು ರೇಷನ್ ಕಾರ್ಡಿನಿಂದ ಶುರು ಮಾಡಿ ಉದ್ರಿ ಪುಸ್ತಕಕ್ಕೆ ಬಂದು ನಿಲ್ಲಿಸಿದ. ಅವರು ಪೆನ್ನು ಕೆಳಗಿಟ್ಟು ಕೇಳಿದರು.

ಖರ್ಚು? ಮೊದಲ ವರ್ಷ ಆರು-ಏಳು ಸಾವಿರ, ಅರ್ಧ ಝೆರಾಕ್ಸಿಗೇ. ಎಲ್ಲ ಕೈಯಿಂದ. ಫಾರ್ಮು ಚಿಕ್ಕದಾಗಿ, ಸ್ಯಾಂಪಲ್ ಬಂದ ಮೇಲೆ ಮೂರು ಸಾವಿರದ ಒಳಗೆ ಬಂತು, ಬೆಲ್ಲ ಬಿಟ್ಟು. ಹೋದ ವರ್ಷ ವಿಭಾಗದಿಂದ ಒಂದೂವರೆ ಸಾವಿರ ಮಂಜೂರಾಯಿತು. ಅದಕ್ಕೆ ಸಹಿ ಹಾಕಿದವರೂ ಮೊದಲು ನಕ್ಕವರೇ.

ನೀವು ಮಾಡುವುದಾದರೆ ಹಬ್ಬದ ಮುಂದೆ ಹೋಗಬೇಡಿ, ಮಗ್ಗ ಬಿಟ್ಟು ಯಾರೂ ಏಳುವುದಿಲ್ಲ. ಆಶಾ ಅಕ್ಕ, ಅಂಗನವಾಡಿ ಟೀಚರ್ ಕೂತು ಹೇಳಿದ ಹೊತ್ತಿಗೆ ಹಣ ಕೊಡಿ, ಚಹಾದಲ್ಲಿ ಮುಗಿಸಬೇಡಿ. ನಾನು ತಲೆಗೆ ಐದುನೂರು ಕೊಟ್ಟೆ. ಬಿಲ್ಲಿನಲ್ಲಿ ಅದಕ್ಕೆ ಕಾಲಂ ಇಲ್ಲ, ಅದೊಂದು ಇನ್ನೂ ಕೈಯಿಂದಲೇ ಹೋಗುತ್ತಿದೆ.