ಫೋರಂ ಸಾಫ್ಟ್‌ವೇರ್ ಆರಿಸೋದು ಹೇಗೆ: ಥೀಮ್ ಆಮೇಲೆ, ರಿಲೀಸ್ ತಾರೀಖು ಮೊದಲು

ವೆಬ್‌ಸೈಟಿಗೆ ಒಂದು ಚರ್ಚಾ ಫೋರಂ ಬೇಕು ಅನ್ನಿಸಿದ ತಕ್ಷಣ ಜನ ಮಾಡೋ ಮೊದಲ ಕೆಲಸ ಡೆಮೊ ಸೈಟ್ ತೆಗೆದು ಬಣ್ಣ ನೋಡೋದು. ಡಾರ್ಕ್ ಮೋಡ್ ಇದ್ಯಾ, ಇಮೋಜಿ ಬರತ್ತಾ, ಲೈಕ್ ಬಟನ್ ಎಲ್ಲಿದೆ, ಅಷ್ಟೇ. ಇನ್‌ಸ್ಟಾಲ್ ಮಾಡಿ ಬಿಟ್ಟುಬಿಡ್ತಾರೆ, ಸ್ವಲ್ಪ ದಿನ ಆದ್ಮೇಲೆ ನೋಡಿದ್ರೆ ಫೋರಂ ತುಂಬಾ ಮಾತ್ರೆ ಮಾರೋರು, ಜೂಜು ಆಡಿಸೋರು, ಇಲ್ಲಾಂದ್ರೆ ಅದಕ್ಕಿಂತ ಕೆಟ್ಟದು, ಮೆಂಬರ್‌ಗಳ ಈಮೇಲು ಪಾಸ್‌ವರ್ಡು ಎಲ್ಲಾ ಇನ್ಯಾರದೋ ಕೈಲಿ. ಇದನ್ನ ನೋಡಿ ನೋಡಿ ಸಾಕಾಗಿ ಬರೀತಿದೀನಿ.

ಹೆಜ್ಜೆ 1: ನಿಮ್ಮ ಹೋಸ್ಟಿಂಗ್ ಎಂಥದ್ದು?

ಶೇರ್ಡ್ ಹೋಸ್ಟಿಂಗ್ (ಒಂದೇ ಸರ್ವರನ್ನ ತುಂಬಾ ಸೈಟುಗಳು ಹಂಚ್ಕೊಳ್ಳೋದು) ಆದ್ರೆ ಪಿಎಚ್‌ಪಿ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿರೋದೇ ಬೇಕು: ಪಿಎಚ್‌ಪಿಬಿಬಿ, ಎಸ್‌ಎಂಎಫ್, ಮೈಬಿಬಿ, ಫ್ಲಾರಮ್. ಸ್ವಂತ ವಿಪಿಎಸ್ (ನಿಮಗೇ ಅಂತ ಬಾಡಿಗೆಗೆ ಸಿಗೋ ವರ್ಚುಯಲ್ ಸರ್ವರ್) ಇದ್ದು ಕಮಾಂಡ್‌ಲೈನ್ ಕಂಡ್ರೆ ಭಯ ಇಲ್ಲ ಅನ್ನೋರು ಡಿಸ್ಕೋರ್ಸ್ ಅಥವಾ ನೋಡ್‌ಬಿಬಿ ಕಡೆ ಹೋಗಬಹುದು. ಡಿಸ್ಕೋರ್ಸ್‌ಗೆ ಡಾಕರ್ (ಸಾಫ್ಟ್‌ವೇರನ್ನ ಬೇಕಾದ್ದೆಲ್ಲದರ ಜೊತೆ ಒಂದೇ ಡಬ್ಬೀಲಿಟ್ಟು ಓಡಿಸೋ ಸಾಧನ) ಬೇಕು, ಕಮ್ಮಿ ಅಂದ್ರೂ 1 ಜಿಬಿ ಮೆಮೊರಿ ಜೊತೆಗೆ ಸ್ವಾಪ್ (ಮೆಮೊರಿ ಸಾಲದಾಗ ಬಳಸೋ ಡಿಸ್ಕ್ ಜಾಗ) ಬೇಕು, ಮೇಲ್ ಕಳಿಸೋಕೆ ಎಸ್‌ಎಂಟಿಪಿ ಸೇವೆ (ನಿಮ್ಮ ಪರವಾಗಿ ಮೇಲ್ ರವಾನಿಸೋರು) ಬೇಕೇ ಬೇಕು. ತುಂಬಾ ಜನ ಎಡವೋದು ಈ ಮೇಲ್ ವಿಷಯದಲ್ಲೇ, ಎಲ್ಲಾ ಇನ್‌ಸ್ಟಾಲ್ ಆಗಿರತ್ತೆ ಆದ್ರೆ ಅಡ್ಮಿನ್ ಆಕ್ಟಿವೇಶನ್ ಮೇಲ್ ಮಾತ್ರ ಬರಲ್ಲ, ಯಾಕಂದ್ರೆ ಎಷ್ಟೋ ವಿಪಿಎಸ್ ಕಂಪನಿಗಳು ಮೇಲ್ ಹೋಗೋ ದಾರಿಯಾದ ಪೋರ್ಟ್ 25 ಮುಚ್ಚಿಟ್ಟಿರ್ತಾರೆ. ಮೇಲ್ ಸೇವೆಯೊಂದ್ರಲ್ಲಿ ಅಕೌಂಟ್ ಮಾಡ್ಕೊಂಡು ಪೋರ್ಟ್ 587ರಲ್ಲಿ ಕಳಿಸಿ, ಸರಿಹೋಗತ್ತೆ.

ಹೆಜ್ಜೆ 2: ಎರಡೇ ಹೆಸರು ಇಟ್ಕೊಳ್ಳಿ

ಮೇಲೆ ಹೇಳಿದ್ದೆಲ್ಲಾ ಓಪನ್ ಸೋರ್ಸ್, ಲೈಸೆನ್ಸಿಗೆ ದುಡ್ಡಿಲ್ಲ. ಅದರಲ್ಲಿ ನಿಮ್ಮ ಹೋಸ್ಟಿಂಗಿಗೆ ಒಗ್ಗೋ ಎರಡನ್ನ ಆರಿಸಿ.

ಇಲ್ಲೇ ಒಂದು ಮಾತು. ದುಡ್ಡು ಕೊಟ್ಟು ತಗೋಬೇಕಾದ ಫೋರಂ ಸಾಫ್ಟ್‌ವೇರನ್ನ 'ನಲ್ಡ್' ಅಂತ ಪುಕ್ಕಟೆ ಹಂಚೋ ಸೈಟುಗಳಿವೆ. ಅದರ ತಂಟೆಗೆ ಹೋಗಲೇಬೇಡಿ. ಲೈಸೆನ್ಸ್ ಚೆಕ್ ಕಿತ್ತುಹಾಕಿದೋರು ಒಳಗೆ ಇನ್ನೇನು ಸೇರಿಸಿದಾರೆ ಅಂತ ನಿಮಗೆ ಗೊತ್ತಾಗಲ್ಲ, ಅಪ್‌ಡೇಟಂತೂ ಬರೋದೇ ಇಲ್ಲ. ಹಾಗಂತ ದುಡ್ಡು ಕೊಟ್ಟಿದ್ದೆಲ್ಲಾ ಭದ್ರ ಅಂತಾನೂ ಅಲ್ಲ, 2019ರಲ್ಲಿ ವಿಬುಲೆಟಿನ್ 5ರಲ್ಲಿ ಲಾಗಿನ್ನೇ ಇಲ್ಲದೆ ಸರ್ವರಲ್ಲಿ ಕೋಡ್ ಓಡಿಸಬಹುದಾದ ತೂತು (ಭದ್ರತಾ ಲೋಪ) ಸಿಕ್ಕಿತ್ತು, ಅದು ದುಡ್ಡಿನ ಮಾಲೇ.

ಹೆಜ್ಜೆ 3: ಅದು ಬದುಕಿದ್ಯಾ ನೋಡಿ

ನಿಜವಾದ ಕೆಲಸ ಇದು. ಸಾಫ್ಟ್‌ವೇರಲ್ಲಿ ತೂತು ಇರೋದು ದೊಡ್ಡ ವಿಷಯ ಅಲ್ಲ, ಎಲ್ಲದರಲ್ಲೂ ಇರತ್ತೆ. ಸಿಕ್ಕಿದ ಮೇಲೆ ಯಾರು ಎಷ್ಟು ಬೇಗ ಮುಚ್ತಾರೆ, ಮುಚ್ಚಿದ್ದು ನಿಮಗೆ ಹೇಗೆ ತಲುಪತ್ತೆ, ಅದನ್ನ ನೋಡ್ಬೇಕು.

ಕೋಡ್ ಇಡೋ ಸೈಟ್ ಗಿಟ್‌ಹಬ್‌ನಲ್ಲಿ ಆ ಸಾಫ್ಟ್‌ವೇರಿನ ರಿಲೀಸಸ್ ಪುಟ ತೆಗೀರಿ. ಕೊನೇ ರಿಲೀಸ್ ಯಾವಾಗ? ವರ್ಷದ ಮೇಲಾಗಿದ್ರೆ ಅನುಮಾನ ಪಡಿ, ಎರಡು ವರ್ಷ ಆಗಿದ್ರೆ ಆ ಟ್ಯಾಬ್ ಮುಚ್ಚಿ. ಆಮೇಲೆ ಹಿಂದಿನ ನಾಲ್ಕೈದು ರಿಲೀಸ್‌ಗಳ ಚೇಂಜ್‌ಲಾಗ್ (ಏನೇನು ಬದಲಾಯ್ತು ಅನ್ನೋ ಪಟ್ಟಿ) ಓದಿ, 'ಸೆಕ್ಯುರಿಟಿ' ಅನ್ನೋ ಪದ ಹುಡುಕಿ. ಎಲ್ಲೂ ಇಲ್ಲ ಅಂದ್ರೆ ಖುಷಿ ಪಡಬೇಡಿ, ಯಾರೂ ಹುಡುಕ್ತಿಲ್ಲ ಅಂತ ಅರ್ಥ ಇರಬಹುದು. ತೂತು ಕಂಡೋರು ಗುಟ್ಟಾಗಿ ತಿಳಿಸೋಕೆ ಒಂದು ವಿಳಾಸ ಕೊಟ್ಟಿದಾರಾ ನೋಡಿ.

ಪಾಸ್‌ವರ್ಡ್ ಹೇಗಿಡತ್ತೆ ಅಂತಾನೂ ಕೇಳಿ. ಕದ್ದರೂ ಒಡೆಯೋಕೆ ಕಷ್ಟವಾಗೋ ಹಾಗೆ ಪಾಸ್‌ವರ್ಡ್ ಇಡೋ ಬಿಕ್ರಿಪ್ಟ್, ಆರ್ಗಾನ್2 ಅಂದ್ರೆ ಸರಿ. ಪಿಎಚ್‌ಪಿಬಿಬಿ 3.3 ಇದನ್ನ ಮಾಡತ್ತೆ. ಮೈಬಿಬಿ 1.8 ಸರಣಿ ಇನ್ನೂ ಸಾಲ್ಟ್ (ಪಾಸ್‌ವರ್ಡಿಗೆ ಬೆರೆಸೋ ಅಡ್ಡಾದಿಡ್ಡಿ ಅಕ್ಷರಗಳು) ಹಾಕಿದ ಎಂಡಿ5 ಅನ್ನೋ ಹಳೇ ವಿಧಾನದ ಮೇಲೇ ನಿಂತಿದೆ, ಡೇಟಾಬೇಸ್ ಕದ್ದೋರಿಗೆ ಅದನ್ನ ಒಡೆಯೋದು ಎಷ್ಟೋ ಸುಲಭ, ಅದಕ್ಕೇ ನಾನು ಹೊಸ ಫೋರಂಗೆ ಅದನ್ನ ಯಾರಿಗೂ ಹೇಳಲ್ಲ.

ಇನ್ನೊಂದು, ಹೊಸ ಪಿಎಚ್‌ಪಿಯಲ್ಲಿ ಓಡತ್ತಾ? ಹಳೇ ಸಾಫ್ಟ್‌ವೇರ್ ಹಾಕಿ ಎರರ್ ಬಂದ್ರೆ ಜನ ಏನ್ಮಾಡ್ತಾರೆ ಗೊತ್ತಾ, ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಪಿಎಚ್‌ಪಿ ವರ್ಷನ್ನನ್ನೇ 7.4ಕ್ಕೆ ಇಳಿಸ್ತಾರೆ! ಅದಕ್ಕೆ ಸೆಕ್ಯುರಿಟಿ ಅಪ್‌ಡೇಟ್ ನಿಂತಿದ್ದು 2022ರ ನವೆಂಬರಲ್ಲಿ. ಬಾಗಿಲಿಗೆ ಬೀಗ ಕೂರಲಿಲ್ಲ ಅಂತ ಬಾಗಿಲನ್ನೇ ಕಿತ್ತಿಟ್ಟ ಹಾಗಾಯ್ತು.

ಅಪ್‌ಡೇಟ್ ಬಂದರೆ ಸಾಲದು, ನೀವು ಹಾಕ್ಬೇಕು ಕೂಡ. 2004ರ ಡಿಸೆಂಬರಲ್ಲಿ ಸ್ಯಾಂಟಿ ಅನ್ನೋ ವರ್ಮ್ (ತಾನೇ ಹರಡೋ ಕೆಟ್ಟ ಪ್ರೋಗ್ರಾಂ) ಗೂಗಲ್ ಸರ್ಚ್‌ನಲ್ಲೇ ಪಿಎಚ್‌ಪಿಬಿಬಿ ಸೈಟುಗಳನ್ನ ಹುಡುಕಿ ಹುಡುಕಿ ಪುಟಗಳನ್ನ ಅಳಿಸಿಹಾಕ್ತು. ಆ ತೂತು ಮುಚ್ಚಿದ 2.0.11 ವರ್ಷನ್ ಹಿಂದಿನ ತಿಂಗಳೇ ಬಂದಿತ್ತು. ಅದಕ್ಕೇ ಡೌನ್‌ಲೋಡ್ ಮಾಡೋಕೆ ಮುಂಚೆ ಅಪ್‌ಗ್ರೇಡ್ ಹೇಗೆ ಅನ್ನೋ ಪುಟ ಓದಿ. ಓದಿದ್ರೆ ತಲೆ ತಿರುಗತ್ತೆ ಅಂದ್ರೆ ನೀವು ಅದನ್ನ ಮುಂದೆ ಯಾವತ್ತೂ ಮಾಡಲ್ಲ, ಬೇರೆ ಆರಿಸಿ. ಡಿಸ್ಕೋರ್ಸಲ್ಲಿ ಬಹುಪಾಲು ಅಪ್‌ಡೇಟ್ ಅಡ್ಮಿನ್ ಪುಟದಿಂದಲೇ ಆಗತ್ತೆ. ಫ್ಲಾರಮ್ ನೋಡೋಕೆ ಚೆಂದ, ಆದ್ರೆ ಕಂಪೋಸರ್ (ಪಿಎಚ್‌ಪಿ ಭಾಗಗಳನ್ನ ಇಳಿಸಿ ಜೋಡಿಸೋ ಸಾಧನ) ಓಡಿಸೋಕೆ ಎಸ್‌ಎಸ್‌ಎಚ್ (ದೂರದಿಂದ ಸರ್ವರಿನ ಕಮಾಂಡ್‌ಲೈನ್ ತೆರೆಯೋ ದಾರಿ) ಇಲ್ಲದ ಹೋಸ್ಟಿಂಗಲ್ಲಿ ಅಪ್‌ಡೇಟ್ ಮಾಡೋದು ಪರದಾಟ.

ನನ್ನ ಮಾತು ಕೇಳೋದಾದ್ರೆ ಶೇರ್ಡ್ ಹೋಸ್ಟಿಂಗಿಗೆ ಪಿಎಚ್‌ಪಿಬಿಬಿ, ವಿಪಿಎಸ್‌ಗೆ ಡಿಸ್ಕೋರ್ಸ್. ಪಿಎಚ್‌ಪಿಬಿಬಿ ಹಳೇ ಕಾಲದ ಥರ ಕಾಣತ್ತೆ ಅಂತ ಮೂಗು ಮುರಿಯೋರು ಮುರೀಲಿ.

ಹೆಜ್ಜೆ 4: ಪ್ಲಗಿನ್ ಕಮ್ಮಿ ಹಾಕಿ

ಉಬುಂಟು ಅನ್ನೋ ಆಪರೇಟಿಂಗ್ ಸಿಸ್ಟಂನ ಫೋರಂ 2016ರಲ್ಲಿ ಹ್ಯಾಕ್ ಆಗಿದ್ದು ಫೋರಂರನ್ನರ್ ಅನ್ನೋ ಆಡ್‌ಆನ್‌ನಲ್ಲಿ (ಪ್ಲಗಿನ್ ಅಂದ್ರೂ ಅದೇ) ಇದ್ದ ಎಸ್‌ಕ್ಯೂಎಲ್ ಇಂಜೆಕ್ಷನ್ (ಡೇಟಾಬೇಸಿಗೆ ಹೊರಗಿನೋರು ಆಜ್ಞೆ ತೂರಿಸೋದು) ತೂತಿಂದ, ಅದನ್ನ ಇನ್ನೂ ಪ್ಯಾಚ್ ಮಾಡಿರಲಿಲ್ಲ. 20 ಲಕ್ಷ ಜನರ ಯೂಸರ್‌ನೇಮ್, ಈಮೇಲ್, ಐಪಿ ಹೋಯ್ತು. ಅಷ್ಟು ತಿಳಿದೋರದ್ದೇ ಈ ಕಥೆ. ಅಧಿಕೃತ ಪಟ್ಟಿಯಲ್ಲಿರೋ ಎಕ್ಸ್‌ಟೆನ್ಷನ್ ಬಿಟ್ಟು ಬೇರೆ ಕಡೆಯಿಂದ ತರಬೇಡಿ, ಹಾಕಿದ ಪ್ರತಿಯೊಂದಕ್ಕೂ ಮೂರನೇ ಹೆಜ್ಜೆಯ ಪರೀಕ್ಷೆನೇ ಮತ್ತೆ ಮಾಡಿ.

ಹೆಜ್ಜೆ 5: ಡೌನ್‌ಲೋಡ್, ಇನ್‌ಸ್ಟಾಲ್

ಅಧಿಕೃತ ಸೈಟಿಂದಲೇ ತಗೊಳ್ಳಿ, ಪಕ್ಕದಲ್ಲಿ ಕೊಟ್ಟಿರೋ ಎಸ್‌ಎಚ್‌ಎ256 ಸಂಖ್ಯೆನ (ಫೈಲಿನ ಬೆರಳಚ್ಚು ಇದ್ದ ಹಾಗೆ) ನಿಮ್ಮ ಫೈಲಿಂದಕ್ಕೆ ಹೋಲಿಸಿ. ಅತಿಯಾಯ್ತು ಅನ್ನೋರಿಗೆ: 2018ರ ಜನವರಿಯಲ್ಲಿ ಪಿಎಚ್‌ಪಿಬಿಬಿ ಸೈಟಿನ ಡೌನ್‌ಲೋಡ್ ಲಿಂಕುಗಳನ್ನೇ ಯಾರೋ ಕೆಲವು ಗಂಟೆ ಬದಲಾಯಿಸಿ ಕೆಟ್ಟ ಫೈಲ್ ಹಂಚಿದ್ರು. ಇನ್‌ಸ್ಟಾಲ್ ಎರಡು ನಿಮಿಷದ ಕೆಲಸ, ಮುಗಿದ ಮೇಲೆ 'ಇನ್‌ಸ್ಟಾಲ್' ಫೋಲ್ಡರ್ ಇದ್ರೆ ಅಳಿಸಿ. ಹೋಸ್ಟಿಂಗ್ ಪ್ಯಾನೆಲ್‌ನ ಒನ್‌ಕ್ಲಿಕ್ ಬಟನ್ ಬಳಸಿದ್ರೂ ಪರವಾಗಿಲ್ಲ, ಯಾವ ವರ್ಷನ್ ಹಾಕತ್ತೆ ಅಂತ ಮಾತ್ರ ನೋಡ್ಕೊಳ್ಳಿ.

ಹೆಜ್ಜೆ 6: ಬಾಗಿಲು ತೆರೆಯೋ ಮುಂಚೆ

ಎಚ್‌ಟಿಟಿಪಿಎಸ್ ಹಾಕಿ. ಎಸ್‌ಎಂಎಫ್ 2.1, ಡಿಸ್ಕೋರ್ಸ್ ಎರಡರಲ್ಲೂ ಟೂ ಫ್ಯಾಕ್ಟರ್ ಲಾಗಿನ್ (ಪಾಸ್‌ವರ್ಡ್ ಜೊತೆ ಇನ್ನೊಂದು ಕೋಡನ್ನೂ ಕೇಳೋದು) ಒಳಗೇ ಇದೆ, ಅಡ್ಮಿನ್ ಅಕೌಂಟಿಗೆ ತಪ್ಪದೆ ಆನ್ ಮಾಡಿ. ಪಿಎಚ್‌ಪಿಬಿಬಿಯಲ್ಲಿ ಮಾಮೂಲಿ ಕ್ಯಾಪ್ಚಾ ಬಿಟ್ಟು ಪ್ರಶ್ನೋತ್ತರ ಆರಿಸಿ, ನಿಮ್ಮ ಫೋರಂ ವಿಷಯದ್ದೇ ಪ್ರಶ್ನೆ ಕೇಳಿ, 'ಎರಡು ಎರಡು ಎಷ್ಟು' ಅಂತ ಕೇಳಿದ್ರೆ ಬಾಟ್ ನಿಮಗಿಂತ ಬೇಗ ಹೇಳತ್ತೆ. ಹೊಸಬರ ಮೊದಲ ಕೆಲವು ಪೋಸ್ಟ್ ಒಪ್ಪಿಗೆ ಆದ್ಮೇಲೇ ಕಾಣೋ ಹಾಗಿಡಿ. ಆಮೇಲೆ ಲಾಗೌಟ್ ಮಾಡಿ, ಬೇರೆ ಬ್ರೌಸರಲ್ಲಿ ಅತಿಥಿ ಥರ ಓಡಾಡಿ: ಮೆಂಬರ್ ಪಟ್ಟಿ ಕಾಣತ್ತಾ, ಖಾಸಗಿ ವಿಭಾಗದ ಲಿಂಕ್ ನೇರ ಟೈಪ್ ಮಾಡಿದ್ರೆ ತೆರೆಯತ್ತಾ, ಸರ್ಚಲ್ಲಿ ಆ ಪೋಸ್ಟುಗಳು ಇಣುಕತ್ತಾ. ಎಲ್ಲಾ ಸರಿ ಇದ್ರೆ ಡೇಟಾಬೇಸಿನದ್ದೂ ಅಪ್‌ಲೋಡ್ ಫೋಲ್ಡರಿನದ್ದೂ ಬ್ಯಾಕಪ್ ತೆಗೆದು ಒಂದ್ಸಲ ಬೇರೆ ಜಾಗದಲ್ಲಿ ರೀಸ್ಟೋರ್ ಮಾಡಿ ನೋಡಿ, ರಿಲೀಸ್ ಸುದ್ದಿಯ ಮೇಲ್‌ಗೆ ಹೆಸರು ಕೊಡಿ, ಆಮೇಲೆ ಮೆಂಬರ್‌ಗಳನ್ನ ಕರೀರಿ.