ತೂಕ ಇಳಿಸುವ ಚುಚ್ಚುಮದ್ದಿನಿಂದ ಹೊಟ್ಟೆ ಕೆಟ್ಟರೆ ಪರಿಹಾರ ಕೇಳುವುದು ಹೇಗೆ?

ಖಾಲಿಯಾದ ಚುಚ್ಚುಮದ್ದಿನ ಪೆನ್ನು, ಅದರ ಡಬ್ಬಿ, ಒಳಗಿನ ಮಾಹಿತಿ ಚೀಟಿ, ಅಂಗಡಿಯ ರಸೀದಿ ಯಾವುದನ್ನೂ ಎಸೆಯಬೇಡಿ. ಸೂಜಿಯನ್ನು ಮಾತ್ರ ಬೇರ್ಪಡಿಸಿ ಉಳಿದದ್ದನ್ನೆಲ್ಲ ಒಂದು ಚೀಲದಲ್ಲಿಡಿ. ಮುಂದೆ ಗ್ರಾಹಕರ ಆಯೋಗದ ಮೆಟ್ಟಿಲು ಹತ್ತುವ ದಿನ ಬಂದರೆ ಅಲ್ಲಿ ಕೇಳುವುದು ಇವನ್ನೇ.

ಸೆಮಾಗ್ಲುಟೈಡ್ (ವೆಗೋವಿ, ಓಜೆಂಪಿಕ್) ಮತ್ತು ಟಿರ್ಜೆಪಟೈಡ್ (ಮೌಂಜಾರೊ) ಹಸಿವನ್ನು ತಗ್ಗಿಸುತ್ತವೆ, ಜೊತೆಗೆ ಜಠರ ಖಾಲಿಯಾಗುವ ವೇಗವನ್ನೂ ಕುಗ್ಗಿಸುತ್ತವೆ. ವಾಕರಿಕೆ, ವಾಂತಿ, ಭೇದಿ, ಮಲಬದ್ಧತೆ ಬರುವುದು ಹೆಚ್ಚಾಗಿ ಮೊದಲ ವಾರಗಳಲ್ಲಿ ಮತ್ತು ಪ್ರಮಾಣ ಏರಿಸಿದಾಗ. ಬಹುತೇಕರಲ್ಲಿ ಇವು ಕ್ರಮೇಣ ತಗ್ಗುತ್ತವೆ. ಮಿರ್ಚಿ, ಬಜ್ಜಿಯಂಥ ಕರಿದ ತಿಂಡಿ ಬಿಟ್ಟು, ಸ್ವಲ್ಪ ಸ್ವಲ್ಪವೇ ತಿಂದರೆ ಹಲವರಿಗೆ ಆರಾಮ ಸಿಗುತ್ತದೆ.

ಆದರೆ ಕೆಲವು ಲಕ್ಷಣಗಳನ್ನು ಮನೆಯಲ್ಲಿ ಕುಳಿತು ಸಹಿಸಬಾರದು. ಮೇಲ್ಹೊಟ್ಟೆಯಲ್ಲಿ ಶುರುವಾಗಿ ಬೆನ್ನಿಗೆ ಹರಿಯುವ ತೀವ್ರ ನೋವು ಮೇದೋಜೀರಕ ಗ್ರಂಥಿಯ ಉರಿಯೂತವಿರಬಹುದು. ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ಜ್ವರ ಕಂಡರೆ ಪಿತ್ತಕೋಶದ ಮೇಲೆ ಅನುಮಾನ. ಹೊಟ್ಟೆ ಉಬ್ಬಿ ಮಲವೂ ಗಾಳಿಯೂ ಹೋಗದಿದ್ದರೆ ಕರುಳಿನ ಚಲನೆ ನಿಂತಿರಬಹುದು. ಎಷ್ಟೋ ಗಂಟೆಗಳ ಹಿಂದೆ ತಿಂದ ಊಟ ಜೀರ್ಣವಾಗದೆ ವಾಂತಿಯಲ್ಲಿ ಬಂದರೆ ಜಠರ ತೀರಾ ನಿಧಾನವಾಗಿರುವ ಸಾಧ್ಯತೆಯಿದೆ. ನಮ್ಮ ಬಿಸಿಲುನಾಡಿನಲ್ಲಿ ಇನ್ನೊಂದು ಅಪಾಯವೂ ಸೇರಿಕೊಳ್ಳುತ್ತದೆ: ರಾಯಚೂರಿನ ಏಪ್ರಿಲ್, ಮೇ ಬಿಸಿಲಿನಲ್ಲಿ ವಾಂತಿ, ಭೇದಿ ಹಿಡಿದವರ ಮೈಯಿಂದ ನೀರು ಬೇಗ ಇಳಿದು ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಮೂತ್ರ ಕಡಿಮೆಯಾದರೆ, ತಲೆ ಸುತ್ತಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮೊಕದ್ದಮೆಯ ಯೋಚನೆ ಆಮೇಲೆ.

ಆಸ್ಪತ್ರೆಯಲ್ಲಿ ಚುಚ್ಚುಮದ್ದಿನ ಹೆಸರು, ಪ್ರಮಾಣ, ಕೊನೆಯ ಬಾರಿ ಚುಚ್ಚಿಕೊಂಡ ದಿನಾಂಕವನ್ನು ಹೇಳಿ, ಕೇಸ್ ಶೀಟ್‌ನಲ್ಲಿ ಬರೆಸಿ. ತೂಕ ಇಳಿಸಲು ಔಷಧ ತೆಗೆದುಕೊಳ್ಳುತ್ತಿದ್ದೇನೆ ಎನ್ನಲು ಅನೇಕರು, ಅದರಲ್ಲೂ ಹೆಣ್ಣುಮಕ್ಕಳು, ಸಂಕೋಚಪಡುತ್ತಾರೆ. ದಯವಿಟ್ಟು ಮುಚ್ಚಿಡಬೇಡಿ. ಚಿಕಿತ್ಸೆಗೂ ಅದು ಬೇಕು, ಮುಂದಿನ ದೂರಿಗೂ ಬೇಕು. ದಾಖಲೆಗಳ ಪ್ರತಿಯನ್ನು ಕೋರಿ ಅರ್ಜಿ ಕೊಟ್ಟರೆ 72 ಗಂಟೆಗಳೊಳಗೆ ಕೊಡಬೇಕೆಂದು ವೈದ್ಯಕೀಯ ವೃತ್ತಿ ನಿಯಮಗಳಲ್ಲಿದೆ.

ಇನ್ನು ಮುಖ್ಯ ಪ್ರಶ್ನೆ: ಯಾರ ತಪ್ಪು? ಅಡ್ಡ ಪರಿಣಾಮ ಆಯಿತು ಎಂಬುದೊಂದೇ ಪರಿಹಾರಕ್ಕೆ ಸಾಲದು. ಮಾಹಿತಿ ಚೀಟಿಯಲ್ಲಿ ಮುದ್ರಿಸಿದ, ವೈದ್ಯರು ತಿಳಿಸಿದ ವಾಕರಿಕೆಗೆ ಯಾರೂ ಹಣ ಕೊಡುವುದಿಲ್ಲ. ಎಲ್ಲಿ ಲೋಪವಾಯಿತು ಎಂದು ತೋರಿಸಬೇಕು. ಸೆಮಾಗ್ಲುಟೈಡ್ ಚುಚ್ಚುಮದ್ದನ್ನು ವಾರಕ್ಕೆ 0.25 ಮಿಲಿಗ್ರಾಂನಿಂದ, ಟಿರ್ಜೆಪಟೈಡ್ ಅನ್ನು 2.5 ಮಿಲಿಗ್ರಾಂನಿಂದ ಆರಂಭಿಸಿ, ನಾಲ್ಕು ವಾರಗಳ ಅಂತರದಲ್ಲಿ ಏರಿಸುವುದು ಕ್ರಮ. ಮೊದಲ ವಾರವೇ ದೊಡ್ಡ ಪ್ರಮಾಣ ಕೊಟ್ಟರೆ, ಹಿಂದೆ ಮೇದೋಜೀರಕ ಗ್ರಂಥಿಯ ತೊಂದರೆ ಇತ್ತೇ ಎಂದು ವಿಚಾರಿಸದಿದ್ದರೆ, ವೈದ್ಯರ ಚೀಟಿಯಿಲ್ಲದೆ ಅಂಗಡಿಯವರು ಮಾರಿದರೆ, ಜಿಮ್ ಅಥವಾ ಬ್ಯೂಟಿ ಪಾರ್ಲರಿನಲ್ಲಿ ಚುಚ್ಚಿದರೆ ದೂರಿಗೆ ಬಲವಾದ ಆಧಾರವಿದೆ. ಸಂಗ್ರಹಣೆಯನ್ನೂ ಮರೆಯಬೇಡಿ. ಬಳಕೆಗೆ ಮುನ್ನ ಈ ಪೆನ್ನುಗಳನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಹೊರಗಿಟ್ಟರೂ 30 ಡಿಗ್ರಿ ಮೀರಬಾರದು. ಬಳ್ಳಾರಿಯ ಬೇಸಿಗೆಯಲ್ಲಿ ಕೋಣೆಯೊಳಗೇ ಅದಕ್ಕಿಂತ ಹೆಚ್ಚು ಬಿಸಿ ಇರುತ್ತದೆ. ಅಂಗಡಿಯವರು ಫ್ರಿಜ್‌ನಿಂದ ತೆಗೆದುಕೊಟ್ಟರೇ, ಐಸ್ ಪ್ಯಾಕ್ ಜೊತೆಗಿತ್ತೇ ಎಂದು ಅಂದೇ ಬರೆದಿಟ್ಟುಕೊಳ್ಳಿ.

ಎದುರು ಪಕ್ಷದ ವಾದವೂ ಗೊತ್ತಿರಲಿ. ಹಳೆಯ ಮಧುಮೇಹವೂ ಜಠರವನ್ನು ನಿಧಾನಗೊಳಿಸುತ್ತದೆ. ಕಂಪನಿಯ ವಕೀಲರು ಅದನ್ನೇ ಹಿಡಿಯುತ್ತಾರೆ. ಚುಚ್ಚುಮದ್ದಿಗೆ ಮುಂಚೆ ಹೊಟ್ಟೆಯ ತೊಂದರೆ ಇರಲಿಲ್ಲ ಎಂದು ತೋರಿಸುವ ಹಳೆಯ ವರದಿಗಳು ಆಗ ನೆರವಿಗೆ ಬರುತ್ತವೆ. ವೈದ್ಯರಿಗೆ ಸರಿಯಾದ ಎಚ್ಚರಿಕೆ ಕೊಟ್ಟಿದ್ದೇವೆ ಎಂದು ಕಂಪನಿ ತೋರಿಸಿದರೆ ಕಾನೂನಿನಲ್ಲಿ ಅದಕ್ಕೆ ರಕ್ಷಣೆಯಿದೆ. ಹಾಗಾಗಿ ನಮ್ಮಲ್ಲಿ ಕಂಪನಿಗಿಂತ ಕ್ಲಿನಿಕ್ ಅಥವಾ ಮಾರಾಟಗಾರರ ಲೋಪವನ್ನು ಸಾಬೀತುಪಡಿಸುವುದು ಸುಲಭ ಎಂಬುದು ನನ್ನ ಅಭಿಪ್ರಾಯ.

ಅಮೆರಿಕದಲ್ಲಿ ಎಚ್ಚರಿಕೆ ಸಾಲದಾಗಿತ್ತು ಎಂಬ ಆರೋಪದ ಮೊಕದ್ದಮೆಗಳನ್ನು 2024ರ ಫೆಬ್ರುವರಿಯಲ್ಲಿ ಪೆನ್ಸಿಲ್ವೇನಿಯಾದ ಫೆಡರಲ್ ನ್ಯಾಯಾಲಯವೊಂದರಲ್ಲಿ ಒಗ್ಗೂಡಿಸಲಾಯಿತು. ಆ ಹೆಸರಿನಲ್ಲಿ ಮೊಬೈಲಿಗೆ ಬರುವ ಜಾಹೀರಾತು ನಂಬಿ ಮುಂಗಡ ಕಟ್ಟಬೇಡಿ. ಸಿಂಧನೂರಿನಲ್ಲಿ ಔಷಧ ಕೊಂಡವರ ದಾರಿ ಇಲ್ಲಿನ ಜಿಲ್ಲಾ ಗ್ರಾಹಕರ ಆಯೋಗ.

ದೂರಿಗೆ ಮುನ್ನ 1800-180-3024ಕ್ಕೆ ಕರೆ ಮಾಡಿ ಅಡ್ಡ ಪರಿಣಾಮವನ್ನು ವರದಿ ಮಾಡಿ. ಇದು ರಾಷ್ಟ್ರೀಯ ಔಷಧ ಸುರಕ್ಷತಾ ಕಾರ್ಯಕ್ರಮದ ಉಚಿತ ಸಂಖ್ಯೆ. ಅಲ್ಲಿಂದ ಹಣ ಬರುವುದಿಲ್ಲ. ಆದರೆ ಇನ್ನೊಬ್ಬರನ್ನು ಎಚ್ಚರಿಸಲು ಅದು ನೆರವಾಗುತ್ತದೆ. ನಂತರ ವೈದ್ಯರು, ಅಂಗಡಿ, ಕಂಪನಿಗೆ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳುಹಿಸಿ, ಉತ್ತರಕ್ಕೆ 15 ದಿನ ಕೊಡಿ.

ಉತ್ತರ ಬರದಿದ್ದರೆ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಗ್ರಾಹಕರ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಯಾವ ಆಯೋಗ ಎಂಬುದು ತೀರ್ಮಾನವಾಗುವುದು ನೀವು ಕೇಳುವ ಪರಿಹಾರದಿಂದಲ್ಲ, ಕೊಟ್ಟ ಬೆಲೆಯಿಂದ. 50 ಲಕ್ಷ ರೂಪಾಯಿವರೆಗೆ ಜಿಲ್ಲಾ ಆಯೋಗ, 5 ಲಕ್ಷದವರೆಗೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಆದರೆ ವೈದ್ಯಕೀಯ ಲೋಪದ ದೂರಿಗೆ ತಜ್ಞ ವೈದ್ಯರ ಅಭಿಪ್ರಾಯವಿದ್ದರೆ ಬಹಳ ಅನುಕೂಲ. ಆಸ್ಪತ್ರೆಯ ಖರ್ಚು, ತಪ್ಪಿದ ಕೂಲಿ ಅಥವಾ ಸಂಬಳ, ಅನುಭವಿಸಿದ ನೋವು ಪ್ರತಿಯೊಂದಕ್ಕೂ ಬೇರೆ ಬೇರೆ ಮೊತ್ತ ಬರೆದು, ಪ್ರಮಾಣಪತ್ರದೊಂದಿಗೆ (ಅಫಿಡವಿಟ್) ಸಲ್ಲಿಸಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಪಡೆಯಬಹುದು, ಸಹಾಯವಾಣಿ 15100. ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲರಿಗೂ ಉಚಿತವಾಗಿ ಸಿಗುವ ಚಿಕಿತ್ಸೆ ಮಾತ್ರ ಈ ಕಾಯ್ದೆಗೆ ಒಳಪಡುವುದಿಲ್ಲ.

ದೂರು ಕೊಡಲು ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಅವಕಾಶ. ಜಿಲ್ಲಾ ಆಯೋಗದ ಆದೇಶ ಒಪ್ಪಿಗೆಯಾಗದಿದ್ದರೆ 45 ದಿನಗಳೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬೇಕು.