ಒಣದ್ರಾಕ್ಷಿ ಶೆಡ್ಡಿನಲ್ಲಿ ಕಲಿತ ಫಾರಸಿ

ಇರಾನಿನ ಮಲಾಯೆರ್ ಕಡೆಯ ರೈತನೊಬ್ಬ ಮೊಬೈಲ್ ಹಿಡಿದು ತನ್ನ ಕಿಶ್ಮಿಶ್, ಅಂದರೆ ಒಣದ್ರಾಕ್ಷಿಯ ಬಗ್ಗೆ ಮಾತನಾಡಿದರೆ ಈಗ ನನಗೆ ಮುಕ್ಕಾಲು ಪಾಲು ತಿಳಿಯುತ್ತದೆ. ಉಳಿದ ಕಾಲು ಪಾಲು ವ್ಯಾಪಾರಿಗಳಿಗೆ ಹಾಕುವ ಶಾಪವೆಂದು ನನ್ನ ಅಂದಾಜು. "ಉರ್ದು ಬಾರದವರಿಗೆ ಫಾರಸಿ ಎಲ್ಲಿಂದ ಬರಬೇಕು ಗೌಡರೇ" ಎಂದು ವಿಜಯಪುರದಲ್ಲಿ ಹೇಳಿದವರು ಒಬ್ಬಿಬ್ಬರಲ್ಲ. ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರನಾದ ನಾನು ಉರ್ದುವಿನ ತಂಟೆಗೆ ಹೋಗದೆಯೇ ಇಲ್ಲಿಯವರೆಗೆ ಬಂದಿದ್ದೇನೆ.

ದುಡ್ಡು ಹೋದ ಕಥೆ ಮೊದಲು. ಒಂದು ಆ್ಯಪ್‌ಗೆ ವರ್ಷದ ಚಂದಾ ಮೂರು ಸಾವಿರದ ಆಚೀಚೆ ಕೊಟ್ಟೆ. ಹುಡುಗಿ ಸೇಬು ತಿನ್ನುತ್ತಾಳೆ, ಬೆಕ್ಕು ಮೇಜಿನ ಮೇಲಿದೆ ಎಂದು ತಿಂಗಳುಗಟ್ಟಲೆ ಹೇಳಿಸಿತು; ಸೇಬು ಬಿಟ್ಟು ದ್ರಾಕ್ಷಿಗೆ ಬರಲೇ ಇಲ್ಲ. ಆಮೇಲೆ ಆನ್‌ಲೈನ್ ತರಗತಿ, ಎಂಟೊಂಬತ್ತು ಸಾವಿರ. ಮೇಷ್ಟ್ರು ಒಳ್ಳೆಯವರೇ, ಆದರೆ ಪ್ರತಿ ವಾಕ್ಯವನ್ನೂ ಇಂಗ್ಲಿಷಿನಲ್ಲಿ ಬಿಡಿಸುತ್ತಿದ್ದರು. ಕರ್ಮಪದ ಮೊದಲು, ಕ್ರಿಯಾಪದ ಕೊನೆಗೆ ಎಂಬುದನ್ನು ಕನ್ನಡದವನಿಗೆ ಅಷ್ಟು ಹೊತ್ತು ವಿವರಿಸುವುದೇಕೆ? ಅಲ್ಲಿ ಕಲಿಸಿದ್ದೂ ಪುಸ್ತಕದ ಫಾರಸಿ. ಇರಾನಿ ರೈತರ ವಿಡಿಯೊ ಹಾಕಿದರೆ ಒಂದಕ್ಷರವೂ ಕಿವಿಗೆ ಹತ್ತಲಿಲ್ಲ. ಆ ಹಣಕ್ಕೆ ನನ್ನ ಒಂದು ಸೀಸನ್ನಿನ ಡಿಪ್ಪಿಂಗ್ ಆಯಿಲ್ (ಒಣಹಾಕುವ ಮುನ್ನ ದ್ರಾಕ್ಷಿ ಅದ್ದುವ ಎಣ್ಣೆ) ಬರುತ್ತಿತ್ತು ಎಂದು ಮನೆಯಲ್ಲಿ ಇಂದಿಗೂ ಲೆಕ್ಕ ಹೇಳುತ್ತಾರೆ.

ಕೈಹಿಡಿದದ್ದು ಕನ್ನಡದಿಂದ ನೇರವಾಗಿ ಹೋಗುವ ದಾರಿ. 'ಅಂಗೂರ್ ರಾ ಮೀಚೀನೀಮ್', ದ್ರಾಕ್ಷಿಯನ್ನು ಕೊಯ್ಯುತ್ತೇವೆ. 'ರಾ' ನಮ್ಮ 'ಅನ್ನು', ಕೊನೆಯ 'ಈಮ್' ನಮ್ಮ 'ಏವೆ'. ಅವನು-ಅವಳು ಎಂಬ ಭೇದವೂ ಇಲ್ಲ. ಗೋಳೆಲ್ಲ ಕ್ರಿಯಾಪದಕ್ಕೆ ಎರಡು ಮುಖಗಳಿರುವುದರಲ್ಲಿದೆ: ಕೊಯ್ದದ್ದು ಚೀದ್, ಕೊಯ್ಯುವುದು ಚೀನ್, ಸುರಿದದ್ದು ರೀಖ್ತ್, ಸುರಿಯುವುದು ರೀಜ್, ಮಾರಿದ್ದು ಫೊರೂಖ್ತ್, ಮಾರುವುದು ಫೊರೂಶ್. ಇದಕ್ಕೆ ಸೂತ್ರ ಹುಡುಕುವುದು ವ್ಯರ್ಥ. ನಮ್ಮ ಕೆಲಸಕ್ಕೆ ಬೇಕಾದ ನಲವತ್ತರಷ್ಟು ಕ್ರಿಯಾಪದಗಳನ್ನು ಮಾತ್ರ ಆರಿಸಿ, ಶೆಡ್ಡಿನ ಕಂಬಕ್ಕೊಂದರಂತೆ ಸೀಮೆಸುಣ್ಣದಲ್ಲಿ ಬರೆದೆ. ರ‍್ಯಾಕಿನ ಜಾಳಿಗೆಯ ಮೇಲೆ ಹಣ್ಣು ಹರಡಿದರೆ ಒಣಗಲು ಹದಿನೈದಿಪ್ಪತ್ತು ದಿನ ಬೇಕು. ಅಷ್ಟು ದಿನವೂ ಆ ಕಂಬಗಳ ನಡುವೆಯೇ ನನ್ನ ಓಡಾಟ. ಕೊನೆಗೆ ಕೂಲಿಗೆ ಬರುವ ಹೆಣ್ಣುಮಕ್ಕಳೂ 'ಮೀರೀಜೀಮ್' ಎನ್ನುತ್ತಾ ಬುಟ್ಟಿ ಸುರಿಯತೊಡಗಿದರು.

ಲಿಪಿಯನ್ನು ಬೇಕೆಂದೇ ಹಿಂದೆ ಹಾಕಿದೆ. ಹ್ರಸ್ವ ಸ್ವರಗಳನ್ನು ಬರೆಯದ ಲಿಪಿಯಿಂದ ಉಚ್ಚಾರ ಕಲಿಯಲು ಹೊರಟರೆ ಕತ್ತಲಲ್ಲಿ ತಡಕಾಡಿದಂತೆ. ಒಂದು ನಿಮಿಷದ ತುಣುಕನ್ನು ನಿಧಾನ ವೇಗದಲ್ಲಿ ಕೇಳಿ, ಕಿವಿಗೆ ಬಿದ್ದಂತೆ ಕನ್ನಡದಲ್ಲಿ ಬರೆದೆ. ಆಗ ಗೊತ್ತಾಯಿತು, ಬಾಯಿಮಾತಿನಲ್ಲಿ 'ರಾ' ಸವೆದು 'ರೋ' ಅಥವಾ ಬರಿಯ 'ಒ' ಆಗುತ್ತದೆ, 'ಖಾನೆ' ಹೋಗಿ 'ಖೂನೆ' ಆಗುತ್ತದೆ. ಬೆಲೆಯ ಮಾತಿನಲ್ಲಿ ಇನ್ನೂ ಎಚ್ಚರ ಬೇಕು: ಕಾಗದದಲ್ಲಿ ರಿಯಾಲ್, ಬಾಯಲ್ಲಿ ತೊಮಾನ್, ಹತ್ತು ರಿಯಾಲಿಗೆ ಒಂದು ತೊಮಾನ್. ಅದರ ಮೇಲೆ 'ಸಾವಿರ' ಎಂಬುದನ್ನು ನುಂಗಿ ಬರಿಯ 'ನೂರು ತೊಮಾನ್' ಎಂದು ಲಕ್ಷದ ಮಾತನಾಡುತ್ತಾರೆ. ಲಿಪಿ ಆಮೇಲೆ ಒಂದು ಮಳೆಗಾಲದಲ್ಲಿ ಬಂತು. ನಾಲ್ಕು ಬಗೆಯ 'ಜ಼' ಏಕೆ ಎಂದು ಕೇಳದೆ ಬಾಯಿಪಾಠ ಮಾಡುವುದೇ ಲೇಸು.

ನಡುವೆ ಧಾರವಾಡದಲ್ಲಿ ಓದುತ್ತಿದ್ದ ಅಫ್ಘಾನ್ ಹುಡುಗನೊಬ್ಬನಿಗೆ ಗಂಟೆಗೆ ಮುನ್ನೂರು ರೂಪಾಯಿಯಂತೆ ಕೊಟ್ಟು ಫೋನಿನಲ್ಲಿ ಮಾತನಾಡಿದೆ. ಅವನದು ದರಿ, ಅಂದರೆ ಅಫ್ಘಾನಿಸ್ತಾನದ ಫಾರಸಿ. ಸಿಂಹಕ್ಕೆ ಶೇರ್, ಹಾಲಿಗೆ ಶೀರ್ ಎನ್ನುತ್ತಾನೆ. ಇರಾನಿನವರಿಗೆ ಎರಡೂ ಶೀರ್. ಎರಡು ದೋಣಿಯಲ್ಲಿ ಕಾಲಿಡುವುದು ಬೇಡವೆಂದು ಬಿಟ್ಟೆ. ಆದರೆ ಗೋಲಗುಮ್ಮಟದ ಬಾಗಿಲ ಮೇಲಿನ ಫಾರಸಿ ಬರಹವನ್ನು ಫೋಟೊ ತೆಗೆದು ಕಳಿಸಿದಾಗ ಅಕ್ಷರ ಬಿಡಿಸಿಕೊಟ್ಟವನು ಅವನೇ. ಅಲ್ಲಿ ಪದಗಳೇ ಇಸವಿ ಹೇಳುತ್ತವೆ, ಅಬ್ಜದ್ ಲೆಕ್ಕದಲ್ಲಿ ಪ್ರತಿ ಅಕ್ಷರಕ್ಕೂ ಒಂದು ಬೆಲೆ. ಆಕಿಬತ್ 573, ಮುಹಮ್ಮದ್ 92, ಮಹಮೂದ್ 98, ಶುದ್ 304. ಕೂಡಿದರೆ ಹಿಜರಿ 1067, ಅಂದರೆ ಮುಹಮ್ಮದ್ ಆದಿಲ್ ಶಾಹ ತೀರಿಕೊಂಡ 1656. ಶೆಡ್ಡಿನ ತೂಕದ ಚೀಟಿಯ ಹಿಂದೆ ನಾನೇ ಕೂಡಿ ನೋಡಿದೆ, ತಾಳೆಯಾಯಿತು. ಪಿಸುಮಾತಿನ ಗ್ಯಾಲರಿಯಲ್ಲಿ ಕೂಗಿ ಬರುವ ಎಷ್ಟು ಜನ ಆ ಬಾಗಿಲ ಕಡೆ ತಲೆಯೆತ್ತುತ್ತಾರೆ?

ಇದರಿಂದ ಬಂದದ್ದೇನು ಎಂದು ಕೇಳುವವರಿಗೆ: ಅಲ್ಲಿ ಕ್ಷಾರದ ದ್ರಾವಣದಲ್ಲಿ ಅದ್ದಿ ಒಣಗಿಸಿದ್ದಕ್ಕೆ ತೀಜಾಬಿ ಎನ್ನುತ್ತಾರೆ, ಬರಿಯ ಬಿಸಿಲಿಗೆ ಹಾಕಿದ್ದಕ್ಕೆ ಆಫ್ತಾಬಿ. ನಮ್ಮ ನೂರು ಲೀಟರ್ ನೀರಿಗೆ ಎರಡೂವರೆ ಕೆ.ಜಿ. ಪೊಟ್ಯಾಸಿಯಂ ಕಾರ್ಬೊನೇಟ್ ಹಾಕುವ ಪದ್ಧತಿಯನ್ನು ಅವರ ಮಾತಿನೊಂದಿಗೆ ಹೋಲಿಸಿ, ಅದ್ದುವ ಹೊತ್ತನ್ನು ಸ್ವಲ್ಪ ಬದಲಿಸಿಕೊಂಡೆ. ಎಷ್ಟು ಎಂಬುದು ನನ್ನಲ್ಲೇ ಇರಲಿ. ಲಾಭವಾದದ್ದು ಬೇರೆ ಕಡೆ. ನಮ್ಮ ಮಾಲು ಕೋಲ್ಡ್ ಸ್ಟೋರೇಜಿಗೆ ಸೇರುವ ಏಪ್ರಿಲ್ ಹೊತ್ತಿಗೆ ಅಲ್ಲಿ ಬಳ್ಳಿ ಚಿಗುರುತ್ತದೆ. ಒಂದು ವರ್ಷ ವಿಡಿಯೊಗಳಲ್ಲೆಲ್ಲ 'ಸರ್ಮಾಜದೆಗೀ', ಅಂದರೆ ಚಳಿ ಹೊಡೆತದ ಮಾತೇ ಕೇಳಿಬಂತು. ಊರಿನವರು ಮಹಾರಾಷ್ಟ್ರದ ತಾಸಗಾಂವಿನ ಒಣದ್ರಾಕ್ಷಿ ಮಾರುಕಟ್ಟೆಗೆ ಲಾರಿ ತುಂಬುತ್ತಿದ್ದಾಗ, ಅಲ್ಲಿ ಬೆಳೆ ಕೆಟ್ಟರೆ ಇಲ್ಲಿ ಬೆಲೆ ಏರಬಹುದೆಂದು ನಾನು ಮಾಲು ತಡೆದು ಕುಳಿತೆ. ಕಿಲೊಗೆ ಇಪ್ಪತ್ತು ರೂಪಾಯಿಯಷ್ಟು ಹೆಚ್ಚು ಸಿಕ್ಕಿತು. ಆ್ಯಪ್, ತರಗತಿ, ಹುಡುಗನ ಫೀ ಎಲ್ಲ ಅದರಲ್ಲೇ ತೀರಿ ಮೇಲೆ ಉಳಿಯಿತು. ಈಗ ಅದೇ ಜನ ಸಂಜೆ ಫೋನ್ ಮಾಡಿ, ಇರಾನಿನಲ್ಲಿ ಹವಾಮಾನ ಹೇಗಿದೆ ಎಂದು ಕೇಳುತ್ತಾರೆ. ಹೇಳುತ್ತೇನೆ. ಆ ವಿಡಿಯೊಗಳನ್ನು ಯಾವ ಪದ ಹಾಕಿ ಹುಡುಕುತ್ತೇನೆ ಎಂಬುದನ್ನು ಮಾತ್ರ ಹೇಳುವುದಿಲ್ಲ.